ದುಡ್ಡು ಕೊಟ್ಟು ಅಳುವ ಕರ್ಣ, ದುಡ್ಡು ಪಡೆದು ಅಳುವ ಕುಂತಿ

ಸಂಕ್ರಾಂತಿ ಕಳೆದು ರಾಗಿ ಕಣದಿಂದ ಮನೆಗೆ ಬಂದ ಮೇಲೆ ಗುಬ್ಬಿ, ಚೇಳೂರು, ಕುಣಿಗಲ್ ಕಡೆಯ ಟೀ ಅಂಗಡಿ, ಹಾಲಿನ ಡೇರಿ, ಬಸ್ ಸ್ಟ್ಯಾಂಡುಗಳ ಗೋಡೆಗೆ ನಾಟಕದ ಪಾಂಪ್ಲೆಟ್ಟುಗಳು ಅಂಟತೊಡಗುತ್ತವೆ. ‘ಕುರುಕ್ಷೇತ್ರ’, ‘ದಾನಶೂರ ಕರ್ಣ’, ‘ಶನಿಪ್ರಭಾವ’ – ನಾಟಕಗಳ ಹೆಸರು ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಗುವುದು ಕೆಳಗಿನ ಫೋಟೊಗಳು. ಕಿರೀಟವಿಲ್ಲದ, ಪಾಸ್‌ಪೋರ್ಟ್ ಅಳತೆಯ ಮುಖಗಳು. ಪಕ್ಕದಲ್ಲಿ ಹೆಸರು, ಊರು, ಕಸುಬು. ಅಡಿಕೆ ವ್ಯಾಪಾರಿ ಕೃಷ್ಣನಾಗಿರುತ್ತಾರೆ, ನಿವೃತ್ತ ಮೇಷ್ಟ್ರು ಭೀಷ್ಮ, ಬಸ್ ಡ್ರೈವರ್ ಭೀಮ. ಪಂಚಾಯಿತಿ ಮೆಂಬರು ಶಕುನಿಯಾದರೆ ಊರಿನವರು ಸ್ವಲ್ಪ ಹೆಚ್ಚೇ ನಗುತ್ತಾರೆ. ಕೃಷ್ಣನ ಪಾರ್ಟಿಗೆ ಆಸೆಪಟ್ಟವರು ಇಬ್ಬರಿದ್ದರೆ ‘ಒಂದನೇ ಕೃಷ್ಣ’, ‘ಎರಡನೇ ಕೃಷ್ಣ’ ಎಂದು ದೇವರನ್ನೇ ಭಾಗ ಮಾಡಿ ಕೊಡುವುದೂ ಉಂಟು.

ಹೊರಗಿನವರಿಗೆ ಹೇಳಿದರೆ ಆಶ್ಚರ್ಯಪಡುವ ಸಂಗತಿಯೊಂದಿದೆ. ಈ ಕೃಷ್ಣ, ಕರ್ಣ, ದುರ್ಯೋಧನರು ಸಂಬಳಕ್ಕೆ ಬಣ್ಣ ಹಚ್ಚುವವರಲ್ಲ. ತಮ್ಮ ಪಾರ್ಟಿಗೆ ತಾವೇ ದುಡ್ಡು ಕಟ್ಟುತ್ತಾರೆ. ದೊಡ್ಡ ಪಾರ್ಟಿಗೆ ದೊಡ್ಡ ಮೊತ್ತ, ವಿದುರ ಸಾತ್ಯಕಿಗಳಿಗೆ ಕಡಿಮೆ. ಆ ದುಡ್ಡು ಸೀನರಿಗೆ, ಮೈಕಿಗೆ, ಡ್ರೆಸ್ಸಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ ಹೋಗುತ್ತದೆ. ಹೆಂಗಸರ ಪಾರ್ಟಿಗೆ ಬರುವ ಕಲಾವಿದೆಯರಿಗೂ ಹೋಗುತ್ತದೆ. ದ್ರೌಪದಿ, ಕುಂತಿ, ರುಕ್ಮಿಣಿಯರು ಊರಿನವರಲ್ಲ. ವೃತ್ತಿಯಿಂದಲೇ ನಟಿಯರಾದ ಅವರು ಮಾತನಾಡಿಕೊಂಡ ಸಂಭಾವನೆಗೆ ಬಂದು ರಾತ್ರಿ ಕಳೆದು ಹೋಗುವವರು. ಹೀಗಾಗಿ ಕರ್ಣ ಕುಂತಿಯರ ಭೇಟಿಯ ಸೀನಿನಲ್ಲಿ ಒಂದು ವಿಚಿತ್ರ ನಡೆಯುತ್ತದೆ. ತಾಯಿ ಮಗ ಇಬ್ಬರೂ ಅಳುತ್ತಾರೆ. ಮಗ ದುಡ್ಡು ಕೊಟ್ಟು ಅಳುತ್ತಿದ್ದಾನೆ, ತಾಯಿ ದುಡ್ಡು ಪಡೆದು ಅಳುತ್ತಿದ್ದಾಳೆ.

ಪ್ರೇರಣೆ, ಭಾವನೆ, ವ್ಯಕ್ತಿತ್ವ – ಮನಃಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಇವು ಮೂರು ಬೇರೆ ಬೇರೆ ಅಧ್ಯಾಯ. ಮನುಷ್ಯ ಒಂದು ಕೆಲಸಕ್ಕೆ ಯಾಕೆ ಮನಸ್ಸು ಮಾಡುತ್ತಾನೆ, ಅವನಿಗೆ ದುಃಖವೋ ಕೋಪವೋ ಎಲ್ಲಿಂದ ಬರುತ್ತದೆ, ಅವನು ಎಂಥವನು ಎಂದು ಹೇಗೆ ಹೇಳುವುದು – ಈ ಮೂರು ಪ್ರಶ್ನೆಗೂ ಪ್ರಯೋಗಾಲಯಗಳಲ್ಲಿ ನೂರು ವರ್ಷಕ್ಕೂ ಮೀರಿ ಉತ್ತರ ಹುಡುಕಿದ್ದಾರೆ. ಗುಬ್ಬಿ ಸೀಮೆಯ ಪೌರಾಣಿಕ ನಾಟಕದಲ್ಲಿ ಮೂರೂ ಒಂದೇ ರಾತ್ರಿ, ಒಂದೇ ಮೈಮೇಲೆ ಬರುತ್ತವೆ.

ಮೊದಲು ದುಡ್ಡಿನ ಮಾತು. ಪ್ರೇರಣೆ ಎಂದೊಡನೆ ನೆನಪಾಗುವ ಹೆಸರು ಅಬ್ರಹಾಂ ಮ್ಯಾಸ್ಲೋ. ಬಿ.ಎಡ್. ಓದಿದವರಿಗೂ ಮ್ಯಾನೇಜ್‌ಮೆಂಟ್ ಓದಿದವರಿಗೂ ಅವನ ಪಿರಮಿಡ್ಡು ಬಾಯಿಪಾಠ: ತಳದಲ್ಲಿ ಅನ್ನ ನೀರು, ಅದರ ಮೇಲೆ ಭದ್ರತೆ, ಆಮೇಲೆ ಪ್ರೀತಿ, ಗೌರವ, ತುದಿಯಲ್ಲಿ ಆತ್ಮಸಾಕ್ಷಾತ್ಕಾರ. 1943ರಲ್ಲಿ ಮ್ಯಾಸ್ಲೋ ಬರೆದ ಪ್ರಬಂಧದಲ್ಲಿ ಪಿರಮಿಡ್ಡಿನ ಚಿತ್ರವೇ ಇಲ್ಲ. ಅದನ್ನು ಬರೆದದ್ದು ಅವನ ಮಾತನ್ನು ಆಫೀಸುಗಳಿಗೆ ಒಯ್ದವರು. ಒಂದು ಮೆಟ್ಟಿಲು ಪೂರ್ತಿ ತುಂಬಿದ ಮೇಲೆಯೇ ಮುಂದಿನದು ಎಂಬ ಕಟ್ಟುನಿಟ್ಟೂ ಅವನದಲ್ಲ. ಅಪವಾದಗಳು ಬಹಳ ಎಂದು ಅವನೇ ಹೇಳಿಕೊಂಡಿದ್ದ. ಆದರೂ ಪಿರಮಿಡ್ಡು ಉಳಿಯಿತು, ಅಪವಾದಗಳು ಮರೆಯಾದವು. ಬೋರ್‌ವೆಲ್ ಬತ್ತಿ ಸೊಸೈಟಿ ಸಾಲ ಬಾಕಿ ಇರುವ ರೈತ ಕಿವಿಯೋಲೆಯನ್ನು ಗಿರವಿಗಿಟ್ಟು ಭೀಮನ ಪಾರ್ಟು ಹಿಡಿಯುವುದನ್ನು ಆ ಚಿತ್ರ ವಿವರಿಸಲಾರದು. ನನ್ನ ಮಟ್ಟಿಗೆ, ವಿವರಿಸಲಾರದ್ದನ್ನು ‘ಹುಚ್ಚು’ ಎಂದು ಕರೆದು ಮುಂದೆ ಹೋಗುವ ಸಿದ್ಧಾಂತ ಅಷ್ಟೇನೂ ಕೆಲಸಕ್ಕೆ ಬಾರದು.

1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಯುವ ಸಂಶೋಧಕ ಕಾಲೇಜು ವಿದ್ಯಾರ್ಥಿಗಳ ಮುಂದೆ ಮರದ ತುಂಡುಗಳನ್ನು ಜೋಡಿಸುವ ಆಟವನ್ನಿಟ್ಟ. ಕೆಲವರಿಗೆ ಬಿಡಿಸಿದ ಒಂದೊಂದು ಒಗಟಿಗೂ ಒಂದು ಡಾಲರ್, ಉಳಿದವರಿಗೆ ಏನೂ ಇಲ್ಲ. ಮಧ್ಯೆ ‘ಈಗ ಬಂದೆ’ ಎಂದು ಎದ್ದುಹೋಗಿ, ಯಾರೂ ನೋಡುತ್ತಿಲ್ಲವೆಂದು ಅವರು ತಿಳಿದಿರುವಾಗ ಏನು ಮಾಡುತ್ತಾರೆಂದು ಮರೆಯಿಂದ ನೋಡಿದ. ದುಡ್ಡು ನಿಂತ ಮೇಲೆ, ಪಡೆದವರಲ್ಲಿ ಆಟದ ಮೇಲಿನ ಆಸೆ ಕುಗ್ಗಿತ್ತು. ಎರಡು ವರ್ಷದ ನಂತರ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ, ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದೆಂದರೆ ಪ್ರಾಣ ಎನ್ನುವ ಮಕ್ಕಳನ್ನು ಆರಿಸಿಕೊಂಡರು. ‘ಚಿತ್ರ ಬರೆದರೆ ಸರ್ಟಿಫಿಕೇಟು’ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು, ಒಂದೆರಡು ವಾರದ ನಂತರ ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಮುಟ್ಟಿದರು. ಹೇಳದೆ ಕೊನೆಯಲ್ಲಿ ಸರ್ಟಿಫಿಕೇಟು ಕೊಟ್ಟ ಮಕ್ಕಳಿಗೆ ಏನೂ ಆಗಿರಲಿಲ್ಲ. ಬಹುಮಾನದ ಆಸೆ ತೋರಿಸಿದರೆ ಒಳಗಿನ ಆಸೆ ಸೋಲುತ್ತದೆ ಎಂಬ ಮಾತು ಅಲ್ಲಿಂದ ಹಬ್ಬಿತು.

ನಮ್ಮ ಕರ್ಣನ ಲೆಕ್ಕ ಇದರ ತಿರುವುಮುರುವು. ಅವನಿಗೆ ಯಾರೂ ಕೊಡುತ್ತಿಲ್ಲ, ಅವನೇ ಕೊಡುತ್ತಿದ್ದಾನೆ. ಕೊಟ್ಟರೆ ಆಸೆ ಬೆಳೆಯುತ್ತದೆಯೆ? ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ 1959ರಲ್ಲಿ ಇಂಥದ್ದನ್ನೇ ನೋಡಿದ್ದರು. ಒಂದು ಚರ್ಚಾಕೂಟಕ್ಕೆ ಸೇರಬೇಕಾದರೆ ಕೆಲವು ವಿದ್ಯಾರ್ಥಿನಿಯರು ನಾಚಿಕೆಯಿಂದ ಮುಖ ಕೆಂಪಾಗುವಂಥ ಮಾತುಗಳನ್ನು ಗಟ್ಟಿಯಾಗಿ ಓದಬೇಕಿತ್ತು, ಕೆಲವರಿಗೆ ಆ ಕಷ್ಟವಿರಲಿಲ್ಲ. ಒಳಗೆ ಹೋದರೆ ಬೇಕೆಂದೇ ನೀರಸವಾಗಿ ಸಿದ್ಧಪಡಿಸಿದ ಚರ್ಚೆ. ಕಷ್ಟಪಟ್ಟು ಒಳಬಂದವರಿಗೆ ಮಾತ್ರ ಅದು ಚೆನ್ನಾಗಿ ಕಂಡಿತು. ಇಷ್ಟು ಬೆಲೆ ತೆತ್ತಿದ್ದೇನೆ, ಹಾಗಾದರೆ ಇದು ಬೆಲೆಯುಳ್ಳದ್ದೇ ಇರಬೇಕು ಎಂದು ಮನಸ್ಸು ತನಗೆ ತಾನೇ ಹೇಳಿಕೊಳ್ಳುತ್ತದೆ. ಈ ಬಗೆಯ ಒಳ ಹೊಂದಾಣಿಕೆಗೆ ಸಿದ್ಧಾಂತದ ರೂಪ ಕೊಟ್ಟವನು ಲಿಯಾನ್ ಫೆಸ್ಟಿಂಜರ್. ಅದರ ಮೊದಲ ಎಳೆ ಅವನಿಗೆ ಸಿಕ್ಕಿದ್ದು ನಮ್ಮ ದೇಶದಿಂದ. 1934ರ ಬಿಹಾರದ ಭೂಕಂಪದ ನಂತರ, ಮನೆಮಠ ಬೀಳದೆ ಉಳಿದಿದ್ದ ಊರುಗಳಲ್ಲೇ ‘ಇನ್ನೂ ದೊಡ್ಡದು ಬರುತ್ತದೆ’ ಎಂಬ ಗಾಳಿಸುದ್ದಿ ಹಬ್ಬಿತ್ತು. ಅದನ್ನು ದಾಖಲಿಸಿದವರು ಜಮುನಾ ಪ್ರಸಾದ್. ಜನ ಹೆದರಿಸಿಕೊಳ್ಳುವ ಸುದ್ದಿಯನ್ನು ತಾವಾಗಿ ಯಾಕೆ ಹುಟ್ಟಿಸುತ್ತಾರೆ? ಹೆದರಿಕೆ ಆಗಲೇ ಮೈಯಲ್ಲಿತ್ತು, ಅದಕ್ಕೊಂದು ಕಾರಣ ಬೇಕಿತ್ತು ಎಂದ ಫೆಸ್ಟಿಂಜರ್.

ಹಾಗೆಂದು ಕರ್ಣನ ಪಾರ್ಟಿನವರು ದುಡ್ಡು ಕಟ್ಟಿದ ತಪ್ಪಿಗೆ ನಾಟಕವನ್ನು ಪ್ರೀತಿಸುತ್ತಿದ್ದಾರೆ ಎಂದರೆ ಅದು ಅವಮಾನ. ಎರಡು ಮೂರು ತಿಂಗಳು ರಾತ್ರಿ ಊಟವಾದ ಮೇಲೆ ಗುಡಿಯ ಅಂಗಳದಲ್ಲೋ ಶಾಲೆಯ ಜಗಲಿಯಲ್ಲೋ ನಡೆಯುವ ಪ್ರಾಕ್ಟೀಸನ್ನು ನೋಡಿದವರಿಗೆ ಅದು ತಿಳಿಯುತ್ತದೆ. ಡೆಸಿ ತನ್ನ ಜೊತೆಗಾರ ರಿಚರ್ಡ್ ರಯಾನ್ ಜೊತೆ ಸೇರಿ ಮುಂದೆ ಹೇಳಿದ್ದು ಇಷ್ಟು: ಮನುಷ್ಯನಿಗೆ ತಾನಾಗಿ ಆರಿಸಿಕೊಂಡೆ ಎನಿಸಬೇಕು, ಬರುಬರುತ್ತಾ ಕೈ ಪಳಗುತ್ತಿದೆ ಎನಿಸಬೇಕು, ತನ್ನವರ ನಡುವೆ ಇದ್ದೇನೆ ಎನಿಸಬೇಕು. ಪ್ರಾಕ್ಟೀಸಿನಲ್ಲಿ ಮೂರೂ ಇವೆ. ಹಗಲೆಲ್ಲ ಯಾರದೋ ಸೈನಿಗೆ, ಯಾರದೋ ರೇಟಿಗೆ ಕಾದವನು ಇಲ್ಲಿ ತಾನೇ ಆರಿಸಿದ ಪಾರ್ಟಿಗೆ ನಿಂತಿದ್ದಾನೆ. ಮೊದಲ ವಾರ ಶ್ರುತಿ ತಪ್ಪುತ್ತಿದ್ದ ಕಂದಪದ್ಯ ಐದನೇ ವಾರಕ್ಕೆ ನಿಲ್ಲುತ್ತದೆ. ‘ಹಾಂ, ಈಗ ಕೂತ್ಕಂತು ನೋಡು’ ಎಂದು ಮೇಷ್ಟ್ರು ಹಾರ್ಮೋನಿಯಂ ಮೇಲಿಂದ ತಲೆ ಎತ್ತದೆ ಹೇಳಿದ ಒಂದು ಮಾತು ಯಾವ ಸರ್ಟಿಫಿಕೇಟಿಗೂ ಕಡಿಮೆಯಲ್ಲ. ಇಂಥ ಮೆಚ್ಚುಮಾತು ಒಳಗಿನ ಆಸೆಯನ್ನು ಕೊಲ್ಲುವುದಿಲ್ಲ, ಹೆಚ್ಚಿಸುತ್ತದೆ ಎಂಬುದನ್ನು ಡೆಸಿಯ ಪ್ರಯೋಗಗಳೇ ತೋರಿಸಿದವು. ನಾಟಕದ ರಾತ್ರಿ ನೆಂಟರು ಸ್ಟೇಜು ಹತ್ತಿ ಹಾಕುವ ಹಾರ, ಮುಯ್ಯಿ, ಪಡ್ಡೆಗಳ ಶಿಳ್ಳೆ, ‘ಒನ್ಸ್ ಮೋರ್’ ಎಲ್ಲ ಆ ಸಾಲಿನವೇ. ಕೆಲವು ಕಡೆ ಹಾರದ ಹಾವಳಿ ಮಿತಿಮೀರಿ ಕುರುಕ್ಷೇತ್ರದ ಯುದ್ಧವೇ ಅರ್ಧ ಗಂಟೆ ನಿಲ್ಲುತ್ತದೆ. ಅದು ಬೇರೆ ಮಾತು.

ಹೀಗೆ ತಾನಾಗಿ ಹುಟ್ಟುವ ಆಸೆ ಒಂದು ಕಡೆಯಾದರೆ, ಸಾಧನೆಯ ಹಂಬಲವನ್ನು ಪಾಠ ಹೇಳಿ ಹುಟ್ಟಿಸಬಹುದೆಂದು ಡೇವಿಡ್ ಮೆಕ್‌ಕ್ಲೆಲ್ಯಾಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ ತರಬೇತಿ ಕೊಟ್ಟಿದ್ದ. ತರಬೇತಾದವರು ಉಳಿದವರಿಗಿಂತ ಚುರುಕಾದರು ಎಂದು 1969ರಲ್ಲಿ ಪುಸ್ತಕವನ್ನೂ ಬರೆದ. ಇಂದು ಊರೂರಿನ ಕಲ್ಯಾಣಮಂಟಪಗಳಲ್ಲಿ ನಡೆಯುವ ‘ಮೋಟಿವೇಶನ್’ ಭಾಷಣಗಳ ದೂರದ ಪೂರ್ವಜ ಅದು. ಆ ಪೂರ್ವಜನಲ್ಲಿ ಅಳತೆಯಿತ್ತು, ಹೋಲಿಕೆಯಿತ್ತು. ಈ ಮೊಮ್ಮಕ್ಕಳಲ್ಲಿ ಮೈಕು ಮಾತ್ರ ಇದೆ.

ದುಡ್ಡು ಪಡೆದ ಕುಂತಿಗೆ ಬರೋಣ. ಲೆಪ್ಪರನ ಮಕ್ಕಳ ಕತೆಯನ್ನು ನೇರ ಅನ್ವಯಿಸಿದರೆ ಅವಳಿಗೆ ನಾಟಕದ ಮೇಲಿನ ಪ್ರೀತಿ ಎಂದೋ ಸತ್ತಿರಬೇಕು. ಹಾಗೇನೂ ಇಲ್ಲ ಎಂಬುದಕ್ಕೆ ಗುಬ್ಬಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1884ರಲ್ಲಿ ಚಂದಣ್ಣ ಮೊದಲಾದವರು ಗುಬ್ಬಿಯಲ್ಲಿ ಕಟ್ಟಿದ ಚನ್ನಬಸವೇಶ್ವರ ನಾಟಕ ಮಂಡಳಿ ಸಂಬಳದ ಮೇಲೆ ನಡೆದ ಕಂಪನಿ. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರ ಕೈಗೆ 1917ರಲ್ಲಿ ಒಡೆತನ ಬಂತು. ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನು ರಂಗಕ್ಕೆ ತಂದ ಅವರು, ‘ಸದಾರಮೆ’ಯಲ್ಲಿ ಕಳ್ಳನಾಗಿ ಬಂದು ನಾಡನ್ನೇ ನಗಿಸಿದರು. ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮ ಅಲ್ಲಿ ಬೆಳಗಿದರು. ರಾಜಕುಮಾರ್ ತಂದೆಯ ಬೆನ್ನಿಗೆ ಬಂದು ಅಲ್ಲಿ ಬಣ್ಣ ಹಚ್ಚಿ, 1954ರ ‘ಬೇಡರ ಕಣ್ಣಪ್ಪ’ ಸಿನಿಮಾಕ್ಕೆ ಹೋದರು. ಸಂಬಳ ಇವರಲ್ಲಿ ಯಾರ ಆಸೆಯನ್ನೂ ಕುಂದಿಸಲಿಲ್ಲ. ದುಡ್ಡು ಕಡಿವಾಣವಾದಾಗ ಆಸೆಯನ್ನು ಕೊಲ್ಲುತ್ತದೆ, ಗೌರವವಾಗಿ ಬಂದಾಗ ಕೊಲ್ಲುವುದಿಲ್ಲ ಎಂದು ಡೆಸಿಯವರೂ ಕೊನೆಗೆ ಒಪ್ಪಿದ್ದಾರೆ. ಆದರೆ ಕುಂತಿಯ ತೊಂದರೆ ಪ್ರೇರಣೆಯದ್ದಲ್ಲ. ಅಳುವಿನದ್ದು.

ಗುಬ್ಬಿ ಕಂಪನಿ ಹುಟ್ಟಿದ ಅದೇ 1884ರಲ್ಲಿ ವಿಲಿಯಂ ಜೇಮ್ಸ್ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಭಾವನೆ ಎಂದರೇನು ಎಂದು ಕೇಳಿ ಒಂದು ಪ್ರಬಂಧ ಬರೆದ. ದುಃಖವಾಯಿತು, ಅದಕ್ಕೇ ಅತ್ತೆವು ಎಂದು ನಾವು ತಿಳಿದಿದ್ದೇವೆ. ಜೇಮ್ಸ್ ಅದನ್ನು ಮಗುಚಿ ಹಾಕಿದ: ಅತ್ತೆವು, ಅದಕ್ಕೇ ದುಃಖವಾಯಿತು, ಕರಡಿ ಕಂಡು ಓಡಿದೆವು, ಅದಕ್ಕೇ ಭಯವಾಯಿತು. ಎದೆಬಡಿತ, ಉಸಿರು, ಕಣ್ಣೀರು, ಬಿಗಿದ ಕೈ – ಇವನ್ನೆಲ್ಲ ಕಳೆದರೆ ಭಾವನೆ ಎನ್ನುವಂಥದ್ದು ಏನೂ ಉಳಿಯುವುದಿಲ್ಲ ಎಂಬುದು ಅವನ ವಾದ. ಡೆನ್ಮಾರ್ಕಿನ ಕಾರ್ಲ್ ಲಾಂಗೆ ಮರುವರ್ಷ ಹತ್ತಿರ ಹತ್ತಿರ ಅದನ್ನೇ ಹೇಳಿದ. ಇದು ನಿಜವಾದರೆ ನಟ ಕೋಪದ ಮೈಯನ್ನು ತಂದುಕೊಂಡೊಡನೆ ಕೋಪವೂ ಬರಬೇಕಲ್ಲ? ಜೇಮ್ಸನಿಗೂ ಆ ಪ್ರಶ್ನೆ ಎದುರಾಯಿತು. ಲಂಡನ್ನಿನ ನಾಟಕ ವಿಮರ್ಶಕ ವಿಲಿಯಂ ಆರ್ಚರ್ ನಟನಟಿಯರನ್ನು ಕೇಳಿ ಸಂಗ್ರಹಿಸಿದ್ದ ಮಾತುಗಳನ್ನು ಅವನು 1890ರ ತನ್ನ ದೊಡ್ಡ ಗ್ರಂಥದಲ್ಲಿ ತಂದ. ಉತ್ತರ ಎರಡು ಹೋಳಾಗಿತ್ತು. ಕೆಲವರು ಪಾತ್ರದ ನೋವು ತಮ್ಮನ್ನು ಹಿಡಿಯುತ್ತದೆ ಎಂದಿದ್ದರು, ಕೆಲವರು ಒಳಗೆ ಏನೂ ಆಗುವುದಿಲ್ಲ ಎಂದಿದ್ದರು.

ವಾಲ್ಟರ್ ಕ್ಯಾನನ್ 1927ರಲ್ಲಿ ಜೇಮ್ಸನನ್ನು ತರಾಟೆಗೆ ತೆಗೆದುಕೊಂಡ. ಕೋಪಕ್ಕೂ ಭಯಕ್ಕೂ ಎದೆ ಒಂದೇ ರೀತಿ ಹೊಡೆದುಕೊಳ್ಳುತ್ತದೆ, ಜ್ವರ ಬಂದಾಗಲೂ ಹೊಡೆದುಕೊಳ್ಳುತ್ತದೆ. ಮೈ ನೋಡಿ ಯಾವ ಭಾವನೆ ಎಂದು ಹೇಳುವುದು ಹೇಗೆ? 1962ರಲ್ಲಿ ಸ್ಟ್ಯಾನ್ಲಿ ಶಾಕ್ಟರ್ ಮತ್ತು ಜೆರೋಮ್ ಸಿಂಗರ್ ನಡುದಾರಿ ಹಿಡಿದರು. ವಿಟಮಿನ್ ಎಂದು ಹೇಳಿ ವಿದ್ಯಾರ್ಥಿಗಳಿಗೆ ಅಡ್ರಿನಲಿನ್ ಚುಚ್ಚಿದರು. ಪಕ್ಕದಲ್ಲಿ ಕುಣಿಯುವವನೊಬ್ಬನನ್ನೋ ಸಿಡುಕುವವನೊಬ್ಬನನ್ನೋ ಕೂರಿಸಿದರು. ಎದೆ ಯಾಕೆ ಬಡಿಯುತ್ತಿದೆ ಎಂದು ತಿಳಿಯದ ಹುಡುಗರು ಪಕ್ಕದವನ ಭಾವವನ್ನೇ ತಮ್ಮದೆಂದುಕೊಂಡರು ಎಂಬುದು ಅವರ ವರದಿ. ಮೈ ಕಾವೇರುತ್ತದೆ, ಹೆಸರಿಡುವುದು ಸನ್ನಿವೇಶ. ಆ ಪ್ರಯೋಗವನ್ನು ಆಮೇಲೆ ಬೇರೆಯವರು ಮಾಡಿದಾಗ ಅಷ್ಟು ಚೊಕ್ಕವಾಗಿ ಬರಲಿಲ್ಲ ಎನ್ನುವುದನ್ನು ಪಠ್ಯಪುಸ್ತಕಗಳು ಸಣ್ಣ ಅಕ್ಷರದಲ್ಲಿ ಹೇಳುತ್ತವೆ.

ಈ ಸಿದ್ಧಾಂತವನ್ನು ಯಾವ ಚುಚ್ಚುಮದ್ದೂ ಇಲ್ಲದೆ ದಿನವೂ ಆಡಿಸುವವರು ಹಾರ್ಮೋನಿಯಂ ಮೇಷ್ಟ್ರು. ರಾತ್ರಿ ಎರಡು ಗಂಟೆಗೆ, ನಿದ್ದೆಗೆಟ್ಟು, ಕಣ್ಣಿಗೆ ಲೈಟು ಹೊಡೆಯುತ್ತಾ, ಹತ್ತು ಕೆ.ಜಿ. ಡ್ರೆಸ್ಸಿನಲ್ಲಿ ಬೆವರುತ್ತಾ ನಿಂತ ಕರ್ಣನ ಎದೆ ಹೇಗೂ ಬಡಿಯುತ್ತಿರುತ್ತದೆ. ಅದು ಸಭಾಕಂಪನವೂ ಆಗಬಹುದು. ಮೇಷ್ಟ್ರು ಮುಖಾರಿಯ ಸ್ವರ ಹಿಡಿದರೆ ಆ ಬಡಿತ ಶೋಕವಾಗುತ್ತದೆ. ತಬಲದವರು ನಡೆ ಬಿಗಿ ಮಾಡಿದರೆ ಅದೇ ಬಡಿತ ವೀರ.

ಮೈಯಿಂದ ಮನಸ್ಸಿಗೆ ದಾರಿಯೇ ಇಲ್ಲವೆ? ಇದೆ, ಕಿರಿದಾಗಿದೆ. ಪಾಲ್ ಎಕ್‌ಮನ್ ಮತ್ತು ಸಂಗಡಿಗರು 1983ರಲ್ಲಿ ವೃತ್ತಿನಟರನ್ನೇ ಕೂರಿಸಿಕೊಂಡು, ‘ಹುಬ್ಬು ಗಂಟಿಕ್ಕಿ, ತುಟಿ ಬಿಗಿ ಹಿಡಿಯಿರಿ’ ಎಂದು ಸ್ನಾಯುಗಳ ಹೆಸರು ಹೇಳಿ ಮುಖ ಮಾಡಿಸಿದರು. ಕೋಪದ ಮುಖಕ್ಕೆ ಎದೆಬಡಿತ ಏರಿ ಬೆರಳು ಬಿಸಿಯಾಯಿತು. ಭಯದ ಮುಖಕ್ಕೆ ಎದೆಬಡಿತ ಏರಿದರೂ ಬೆರಳು ಅಷ್ಟು ಬಿಸಿಯಾಗಲಿಲ್ಲ. ಕ್ಯಾನನ್ ಒಂದೇ ಎಂದದ್ದು ಪೂರ್ತಿ ಒಂದೇ ಆಗಿರಲಿಲ್ಲ. ಹಲ್ಲಿನ ನಡುವೆ ಪೆನ್ನು ಕಚ್ಚಿಸಿ ನಗೆಯ ಸ್ನಾಯು ಎಳೆದರೆ ವ್ಯಂಗ್ಯಚಿತ್ರ ಹೆಚ್ಚು ತಮಾಷೆಯಾಗಿ ಕಾಣುತ್ತದೆ ಎಂಬ 1988ರ ಪ್ರಸಿದ್ಧ ಪ್ರಯೋಗ, 2016ರಲ್ಲಿ ಹದಿನೇಳು ಪ್ರಯೋಗಾಲಯಗಳು ಮತ್ತೆ ಮಾಡಿದಾಗ ಬಿದ್ದುಹೋಯಿತು. 2022ರಲ್ಲಿ 19 ದೇಶಗಳ 3,878 ಜನರ ಮೇಲೆ ನಡೆದ ಅಧ್ಯಯನ, ಪೆನ್ನಿನ ಮಾತು ಖಚಿತವಿಲ್ಲ, ಆದರೆ ನಗುಮುಖ ಮಾಡಿದರೆ ಸಂತೋಷ ಕೊಂಚ ಏರುವುದು ನಿಜ ಎಂದಿತು. ಕೊಂಚ, ಅಷ್ಟೆ. ಜೇಮ್ಸ್ ಗೆದ್ದ, ಅಲ್ಪ ಮತಗಳಿಂದ.

ಈ ಚರ್ಚೆಯನ್ನು ನೋಡಿದಾಗ ಭರತನ ನೆನಪಾಗದೆ ಇರುವುದಿಲ್ಲ. ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯ ನಲವತ್ತೊಂಬತ್ತು ಭಾವಗಳನ್ನು ಎಣಿಸುತ್ತದೆ: ಎಂಟು ಸ್ಥಾಯಿ, ಮೂವತ್ತಮೂರು ವ್ಯಭಿಚಾರಿ, ಎಂಟು ಸಾತ್ತ್ವಿಕ. ಕೊನೆಯ ಎಂಟು ಕುತೂಹಲದವು – ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ನಡುಕ, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ಇವು ಕೈಕಾಲು ಆಡಿಸಿದಂತೆ ಬೇಕೆಂದಾಗ ಬರುವಂಥವಲ್ಲ. ಎಲ್ಲೋ ಮನಸ್ಸಿಟ್ಟವನಿಗೆ ರೋಮಾಂಚ ತರಲು ಆಗದು, ಮನಸ್ಸು ಒಂದೆಡೆ ನಿಂತಾಗ ಮಾತ್ರ ಇವು ಹುಟ್ಟುತ್ತವೆ ಎಂದು ಭರತ ಹೇಳುತ್ತಾನೆ. ಅಂದರೆ ಮೈಯೇ ಮೊದಲು ಎಂಬ ಜೇಮ್ಸನನ್ನು ಅವನು ಒಪ್ಪುತ್ತಿರಲಿಲ್ಲ. ಮೈ ಇಲ್ಲದೆ ಭಾವವಿಲ್ಲ ಎಂಬ ಜೇಮ್ಸನನ್ನು ಖಂಡಿತ ಒಪ್ಪುತ್ತಿದ್ದ. ಇನ್ನೊಂದು ಕಡೆ ಭರತನ ಪರಂಪರೆ ಪಾಶ್ಚಾತ್ಯರಿಗಿಂತ ಮುಂದೆ ಹೋಗಿ ಕೇಳಿತು: ನಟನಿಗೆ ದುಃಖವಾಗುತ್ತದೆಯೋ ಇಲ್ಲವೋ ಇರಲಿ, ನೋಡುವವನಿಗೆ ಆಗುವುದು ದುಃಖವೆ? ದುಃಖವಾದರೆ ಅವನು ಬೆಳಗಿನ ಜಾವದವರೆಗೆ ಚಾಪೆ ಬಿಟ್ಟೇಳದೆ ಯಾಕೆ ಕೂತಿದ್ದಾನೆ? ಭಟ್ಟನಾಯಕ, ಅಭಿನವಗುಪ್ತರು ಇದಕ್ಕೆ ಕೊಟ್ಟ ಉತ್ತರಗಳನ್ನು ತಿಳಿಗನ್ನಡದಲ್ಲಿ ಓದಬೇಕಾದರೆ ಗುಬ್ಬಿಯದೇ ಜಿಲ್ಲೆಯವರಾದ, ಚಿಕ್ಕನಾಯಕನಹಳ್ಳಿ ಸೀಮೆಯ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಇದೆ. ಮಗ ಸತ್ತ ತಾಯಿಯ ಅಳು ಅವಳೊಬ್ಬಳದು. ರಂಗದ ಮೇಲಿನ ಅಳು ಯಾರದೂ ಅಲ್ಲದ್ದರಿಂದಲೇ ಎಲ್ಲರದೂ ಆಗುತ್ತದೆ ಎಂಬುದು ಆ ಉತ್ತರದ ತಿರುಳು.

ಕುಂತಿಗೆ ಈ ತಿರುಳಿನಿಂದ ಹೆಚ್ಚು ಉಪಯೋಗವಿಲ್ಲ. ಅವಳು ನಿನ್ನೆ ತಿಪಟೂರಿನ ಕಡೆ ದ್ರೌಪದಿಯಾಗಿ ಅತ್ತಿದ್ದಾಳೆ, ನಾಳೆ ಮಾಗಡಿ ಕಡೆ ಇನ್ನೊಬ್ಬ ಕರ್ಣನಿಗೆ ತಾಯಿಯಾಗಬೇಕು. ಪ್ರಾಕ್ಟೀಸಿಗೆ ಅವಳು ಬಂದಿರುವುದಿಲ್ಲ. ಸಂಜೆ ಬಂದು, ಮೇಷ್ಟ್ರ ಹತ್ತಿರ ಒಂದೆರಡು ಮಟ್ಟು ಕೇಳಿಕೊಂಡು, ಮೊದಲ ಸಲ ಕಂಡ ‘ಮಗ’ನನ್ನು ತಬ್ಬಿ ಗೋಳಾಡಬೇಕು. ಅವನು ಮಾತು ಮರೆತರೆ ತನ್ನ ಅಳುವಿನ ನಡುವೆಯೇ ಅವನ ಸಾಲನ್ನೂ ಎತ್ತಿಕೊಡಬೇಕು. ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರಲ್ಲಿ ವಿಮಾನದ ಪರಿಚಾರಿಕೆಯರ ಬಗ್ಗೆ ಬರೆದ ಪುಸ್ತಕದಲ್ಲಿ ಇಂಥ ದುಡಿಮೆಗೆ ಭಾವದ ದುಡಿಮೆ ಎಂದು ಹೆಸರಿಟ್ಟಳು. ಅದರಲ್ಲಿ ಎರಡು ಬಗೆ: ಮೇಲುಮೇಲಿನ ನಟನೆ, ಒಳಗಿನಿಂದಲೇ ಆ ಭಾವ ತಂದುಕೊಳ್ಳುವ ನಟನೆ. ಆಮೇಲೆ ಬಂದ ಅಧ್ಯಯನಗಳು ಮೇಲುಮೇಲಿನ ನಟನೆಯೇ ಹೆಚ್ಚು ದಣಿಸುತ್ತದೆ ಎನ್ನುತ್ತವೆ. ಒಳಗಿಲ್ಲದ ನಗುವನ್ನು ಹೊತ್ತು ನಿಲ್ಲುವುದೇ ಭಾರ. ಚಿಲಿ ದೇಶದ ಸುಸಾನಾ ಬ್ಲಾಕ್ ನಟರಿಗೆ ಉಸಿರಾಟದಿಂದಲೇ ಭಾವ ತಂದುಕೊಳ್ಳುವ ವಿಧಾನ ಕಲಿಸಿದಾಗ, ಅದರಿಂದ ಹೊರಗೆ ಬರುವುದನ್ನೂ ಪಾಠದ ಭಾಗವಾಗಿಯೇ ಇಟ್ಟಳು. ನಮ್ಮ ಕಲಾವಿದೆಯರಿಗೆ ಆ ಪಾಠ ಹೇಳಿಕೊಟ್ಟವರಾರು? ಕರ್ಣನ ಅಳುವನ್ನು ನೆಂಟರು ವರ್ಷವೆಲ್ಲ ನೆನೆಯುತ್ತಾರೆ. ಕುಂತಿಯ ಅಳುವನ್ನು ಬೆಳಗಿನ ಮೊದಲ ಬಸ್ಸು ಹೊತ್ತುಕೊಂಡು ಹೋಗುತ್ತದೆ. ಇದರಲ್ಲಿ ನನಗೆ ಕಾಣುವುದು ಕಲೆಯ ಮಹಿಮೆಯಲ್ಲ, ಅನ್ಯಾಯ.

ಇನ್ನು ವ್ಯಕ್ತಿತ್ವ. ಪಾರ್ಟು ಹಂಚುವ ದಿನ ಮೇಷ್ಟ್ರ ಮುಂದೆ ಕೂತವರು ನಾನು ಅಂತರ್ಮುಖಿ, ನಾನು ಬಹಿರ್ಮುಖಿ ಎಂದು ಹೇಳಿಕೊಳ್ಳುವುದಿಲ್ಲ. ಮೇಷ್ಟ್ರು ಮೈಕಟ್ಟು ನೋಡುತ್ತಾರೆ, ಶಾರೀರ ಕೇಳುತ್ತಾರೆ, ದುಡ್ಡು ಕಟ್ಟುವ ಶಕ್ತಿಯನ್ನೂ ನೋಡುತ್ತಾರೆ. ಮನೆಯಲ್ಲಿ ಎದುರು ಮಾತಾಡದ ಸಾಧು ಮನುಷ್ಯ ದುರ್ಯೋಧನನೇ ಬೇಕೆಂದು ಹಟ ಹಿಡಿಯುವುದು, ಸ್ಟೇಜಿನ ಮೇಲೆ ಅಬ್ಬರಿಸಿ ಹೆಂಡತಿಯನ್ನೇ ಬೆಚ್ಚಿಬೀಳಿಸುವುದು ಹಳ್ಳಿಗಳಲ್ಲಿ ಎಲ್ಲರೂ ಕಂಡ ಸಂಗತಿ. ಅಂಥವನ ನಿಜವಾದ ವ್ಯಕ್ತಿತ್ವ ಯಾವುದು?

ಸ್ವಭಾವವನ್ನು ಅಳೆಯುವ ವಿದ್ಯೆ ಕನ್ನಡನಾಡಿಗೆ ಬೇಗ ಬಂತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ತೆರೆಯಿತು; ದೇಶದಲ್ಲಿ ಕಲ್ಕತ್ತೆಯ ನಂತರ ಅದೇ ಎರಡನೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್‌ನ ಶಿಷ್ಯರು. ಮನುಷ್ಯನ ಹತ್ತಾರು ಗುಣಗಳ ಹಿಂದೆ ಕೆಲವೇ ಮೂಲ ಅಂಶಗಳಿವೆಯೇ ಎಂದು ಲೆಕ್ಕ ಹಾಕುವ ದಾರಿ ಸ್ಪಿಯರ್‌ಮನ್‌ನದು. ಗಾರ್ಡನ್ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ 1936ರಲ್ಲಿ ಇಂಗ್ಲಿಷ್ ನಿಘಂಟಿನಿಂದ ಸ್ವಭಾವ ಹೇಳುವ ಹದಿನೆಂಟು ಸಾವಿರದಷ್ಟು ಪದ ಹೆಕ್ಕಿದರು. ಆ ರಾಶಿಯನ್ನು ಸೋಸುತ್ತಾ ಸೋಸುತ್ತಾ ಉಳಿದದ್ದು ಐದು: ಹೊಸತಿಗೆ ತೆರೆದ ಮನಸ್ಸು, ಅಚ್ಚುಕಟ್ಟು, ಬೆರೆಯುವ ಗುಣ, ಹೊಂದಿಕೊಳ್ಳುವ ಗುಣ, ಕಳವಳ. ಇವತ್ತಿಗೂ ಸಂಶೋಧಕರು ಹೆಚ್ಚು ನೆಚ್ಚುವ ಅಳತೆಗೋಲು ಇದೇ. ಕಂಪನಿಗಳ ಇಂಟರ್‌ವ್ಯೂಗಳಲ್ಲಿ ಓಡಾಡುವ ಹದಿನಾರು ಬಗೆಯ ವ್ಯಕ್ತಿತ್ವದ ಚೀಟಿಗಳಿಗೆ ಅಷ್ಟು ಬೆನ್ನೆಲುಬಿಲ್ಲ.

ನಮ್ಮಲ್ಲೂ ಚೀಟಿಗಳಿದ್ದವು. ನಾಟ್ಯಶಾಸ್ತ್ರ ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಪ್ರಶಾಂತ, ಧೀರೋದ್ಧತ ಎಂದು ನಾಲ್ಕು ಮಾಡಿತು. ರಾಮ ಉದಾತ್ತ, ದುರ್ಯೋಧನನಿಗೆ ಉದ್ಧತನ ಚೀಟಿ. ಹತ್ತನೆಯ ಶತಮಾನದ ರನ್ನ ‘ಗದಾಯುದ್ಧ’ದಲ್ಲಿ ಆ ಚೀಟಿಯನ್ನು ಹರಿದುಹಾಕಿದ. ಅವನ ದುರ್ಯೋಧನ ಭೀಮನ ಹೆಸರು ಕೇಳಿದರೆ ಉರಿದೇಳುತ್ತಾನೆ. ಅದೇ ಮನುಷ್ಯ ರಣರಂಗದ ಹೆಣಗಳ ನಡುವೆ ನಡೆಯುವಾಗ ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಕರ್ಣನ ಹೆಣದ ಮುಂದೆ ಕುಸಿಯುತ್ತಾನೆ. ಇದನ್ನೇ ಆಧುನಿಕ ರಂಗಕ್ಕೆ ದುರಂತ ನಾಟಕವಾಗಿ ಇಳಿಸಿದವರು ಬಿ.ಎಂ.ಶ್ರೀ.

1968ರಲ್ಲಿ ವಾಲ್ಟರ್ ಮಿಶೆಲ್ ಒಂದು ಪುಸ್ತಕ ಬರೆದು ವ್ಯಕ್ತಿತ್ವದ ಪಂಡಿತರ ನಿದ್ದೆ ಕೆಡಿಸಿದ. ಪ್ರಶ್ನಾವಳಿಯಲ್ಲಿ ಅಳೆದ ಗುಣಕ್ಕೂ ಮನುಷ್ಯ ಒಂದು ಸನ್ನಿವೇಶದಲ್ಲಿ ಮಾಡುವುದಕ್ಕೂ ಇರುವ ನಂಟು ಹೆಚ್ಚೆಂದರೆ 0.30ರ ಆಸುಪಾಸು ಎಂದು ತೋರಿಸಿದ. ಹಾಗಾದರೆ ಸ್ವಭಾವ ಎಂಬುದೇ ಸುಳ್ಳೇ ಎಂದು ಇಪ್ಪತ್ತು ವರ್ಷ ಜಗಳ ನಡೆಯಿತು. 1995ರಲ್ಲಿ ಮಿಶೆಲ್ ಮತ್ತು ಯುಯಿಚಿ ಶೋಡಾ ಹೇಳಿದ್ದು ರನ್ನನನ್ನು ಓದಿದವರಿಗೆ ಹೊಸದಾಗಿ ಕಾಣದು. ಮನುಷ್ಯನ ಗುರುತು ಇರುವುದು ಅವನು ಸದಾ ಕೋಪಿಷ್ಠನೇ ಎಂಬುದರಲ್ಲಲ್ಲ. ಯಾರ ಮುಂದೆ ಕೋಪ, ಯಾರ ಮುಂದೆ ಕಣ್ಣೀರು ಎಂಬ ಅವನದೇ ಹೊಂದಿಕೆಯಲ್ಲಿ. ಭೀಮನೆದುರು ಹೀಗೆ, ಕರ್ಣನೆದುರು ಹಾಗೆ – ಆ ‘ಎದುರು’ಗಳನ್ನೆಲ್ಲ ಕೂಡಿಸಿದರೆ ಸಿಗುವವನೇ ದುರ್ಯೋಧನ. ಹಾಗೆ ನೋಡಿದರೆ ಮನೆಯ ಸಾಧುವೂ ಸ್ಟೇಜಿನ ಅಬ್ಬರದವನೂ ಒಬ್ಬನೇ, ಒಂದು ನಿಜ ಇನ್ನೊಂದು ವೇಷ ಎಂದೇನಲ್ಲ. ಅವನಿಗೆ ಅಬ್ಬರಿಸಲು ಅನುಮತಿಯುಳ್ಳ ಜಾಗ ವರ್ಷಕ್ಕೆ ಒಂದು ರಾತ್ರಿ ಸಿಕ್ಕಿತು.

ಮೂರು ಅಧ್ಯಾಯಗಳಲ್ಲೂ ನಡೆದದ್ದು ಒಂದೇ ಎಂದು ನನಗನಿಸುತ್ತದೆ. ಪ್ರೇರಣೆಯನ್ನು ಮೊದಲು ಹೊಟ್ಟೆಯೊಳಗೆ, ಭಾವನೆಯನ್ನು ಎದೆಯೊಳಗೆ, ವ್ಯಕ್ತಿತ್ವವನ್ನು ತಲೆಯೊಳಗೆ ಹುಡುಕಿದರು. ಅಳತೆ ಬಿಗಿಯಾದಷ್ಟೂ ಹುಡುಕುವವರು ಹೊರಗೆ ಬರಬೇಕಾಯಿತು: ಯಾರು ಕೊಟ್ಟರು, ಹೇಗೆ ಕೊಟ್ಟರು, ಪಕ್ಕದಲ್ಲಿ ಯಾರಿದ್ದರು, ಯಾರ ಎದುರು ನಿಂತಿದ್ದ. ಒಳಗೆ ಏನೂ ಇಲ್ಲ ಎಂದು ಇದರರ್ಥವಲ್ಲ. ಒಳಗಿರುವುದು ಒಬ್ಬನೇ ಕೂತಾಗ ತೋರುವುದಿಲ್ಲ.

ಚೇಳೂರಿನ ಮಂಡಿಗೆ ಹಲಸು ಬರುವ ಹೊತ್ತಿಗೆ ನಾಟಕಗಳ ಭರಾಟೆ ಇಳಿಯತೊಡಗುತ್ತದೆ. ಅದಕ್ಕೆ ಮುಂಚೆ, ಜಿಲ್ಲೆಯ ಕಾಲೇಜುಗಳಲ್ಲಿ ಮನಃಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ ಒಂದು ಮಾತು: ಅಮೆರಿಕದ ಪ್ರಶ್ನಾವಳಿಯನ್ನು ಕನ್ನಡಕ್ಕೆ ಇಳಿಸಿ ಹಾಸ್ಟೆಲಿನ ಗೆಳೆಯರ ಕೈಯಲ್ಲಿ ತುಂಬಿಸುವ ಬದಲು ಒಂದು ಪ್ರಾಕ್ಟೀಸಿಗೆ ಹೋಗಿ ಕೂತುಕೊಳ್ಳಿ. ಮಣಿಕಟ್ಟಿಗೆ ಕಟ್ಟಿ ಎದೆಬಡಿತ ಅಳೆಯುವ ವಾಚು ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕರ್ಣನಿಗೊಂದು, ಕುಂತಿಗೊಂದು ಕಟ್ಟಿ. ಮೇಷ್ಟ್ರ ಒಪ್ಪಿಗೆ ಕೇಳಿ, ಕಲಾವಿದೆಯರ ಒಪ್ಪಿಗೆಯನ್ನು ಅದಕ್ಕಿಂತ ಮೊದಲು ಕೇಳಿ. ನಾಟಕ ಮುಗಿದ ಮೇಲೆ ಕರ್ಣನನ್ನು ಮಾತನಾಡಿಸಲು ಊರೆಲ್ಲ ಇರುತ್ತದೆ. ನೀವು ಕುಂತಿಯನ್ನು ಮಾತನಾಡಿಸಿ.